ಕೊನೆಯ ಬೆಂಚಿನ ಅತ್ತೆ

ನಮ್ಮ ಅಡುಗೆಮನೆಯ ಹಲಗೆಯಲ್ಲಿ ತೊಗರಿಬೇಳೆ ಡಬ್ಬಿ ಎತ್ತಿದರೆ ಕೆಳಗೆ ಹೃದಯ ಸಿಗುತ್ತದೆ. ಹೆದರಬೇಡಿ, ಕಾಗದದ್ದು. ದಪ್ಪ ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ, ಕುಂಬಳಕಾಯಿ ಗಾತ್ರದ, ಅರ್ಧ ಕೆಂಪು ಅರ್ಧ ನೀಲಿ ಹೃದಯ. ಖಾರದಪುಡಿ ಡಬ್ಬಿ ಕೆಳಗಿನ ಕೋಣೆಯ ಮೇಲೆ ಕೂತಿದೆ, ಬಲಗಡೆಯ ಮೇಲಿನ ಕೋಣೆಯನ್ನು ಇಲಿ ತಿಂದಿದೆ. ಹಳೇ ಪೇಪರು ಹಾಸಿದರೆ ಎರಡು ತಿಂಗಳಿಗೆ ಹರಿದುಹೋಗುತ್ತದೆ. ಇದನ್ನು ಹಾಸಿ ಮೂರು ವರ್ಷವಾಯಿತು, ಎಣ್ಣೆ ಕುಡಿದು ಕುಡಿದು ಇನ್ನೂ ಗಟ್ಟಿಯಾಗಿದೆ. ಹೆಣ್ಣುಮಕ್ಕಳು ಓದಿ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಈ ಹಲಗೆ ತೋರಿಸುತ್ತೇನೆ.

ಇವತ್ತು ಬೆಳಿಗ್ಗೆ ಡಬ್ಬಿ ಎತ್ತಿ ಒರೆಸುವಾಗ ಆ ಹೃದಯವನ್ನು ನೋಡುತ್ತಾ ನಿಂತುಬಿಟ್ಟೆ. ಈ ಹೃದಯಕ್ಕಾಗಿ ನಾನು ನ್ಯಾಮತಿಯಲ್ಲಿ ಒಂದು ದಿನ ಹತ್ತನೇ ಕ್ಲಾಸಿನಲ್ಲಿ ಕೂತಿದ್ದೇನೆ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಕೇಳಿಸಿಕೊಳ್ಳಲಿಕ್ಕೇನು ತೊಂದರೆ?

ಹೃದಯ ಬರೆದವಳು ನನ್ನ ಸೊಸೆ ನೇತ್ರಾವತಿ. ಚನ್ನಗಿರಿ ಕಡೆಯ ಹುಡುಗಿ. ಮದುವೆ ಮಾತಿಗೆ ಕೂತಾಗ ಅವಳಪ್ಪ, "ಹುಡುಗಿ ಬಿ.ಎಸ್ಸಿ. ಮುಗಿಸ್ಯಾಳೆ ಕಣ್ರಿ. ಮುಂದೆ ಬಿ.ಎಡ್. ಮಾಡಾಕೆ ಬಿಡ್ಬೇಕು," ಅಂದರು. "ಬಿಡ್ತೀವಿ ಬಿಡ್ರಿ," ಅಂದೆ. ಮದುವೆ ಮಾತಿನಲ್ಲಿ ಯಾರು ಯಾವುದಕ್ಕೆ ಇಲ್ಲ ಅಂತಾರೆ? ನನ್ನ ಮಗ ರುದ್ರೇಶನಿಗೆ ಸಿಟ್ಟೇ ಬರೋದಿಲ್ಲ ಅಂತಲೂ ಅವತ್ತು ಹೇಳಿದ್ದೆ. ಸಿಟ್ಟಿನ ವಿಷಯ ಮದುವೆಯಾದ ವಾರಕ್ಕೇ ಬಯಲಾಯಿತು. ಬಿ.ಎಡ್. ಮಾತನ್ನು ಮಾತ್ರ ನೇತ್ರ ಏಳು ವರ್ಷ ಭದ್ರವಾಗಿ ಇಟ್ಟುಕೊಂಡಿದ್ದಳು. ಮಗಳು ಸಿರಿ ಶಾಲೆಗೆ ಹೊರಟ ದಿನ, ರೊಟ್ಟಿ ತಟ್ಟುತ್ತಾ, ಮುಖ ಎತ್ತದೆ ಹೇಳಿದಳು: "ಅತ್ತೆ, ಅವತ್ತು ಬಿಡ್ತೀವಿ ಅಂದಿದ್ರಿ."

ಅಂದವಳು ನಾನೇ. ಇಲ್ಲ ಅನ್ನಲು ಬರುತ್ತದೆಯೇ? ನಮ್ಮದು ಸಾಸ್ವೆಹಳ್ಳಿ, ಕಾಲೇಜು ಹೊನ್ನಾಳಿಯಲ್ಲಿ. ಬೆಳಗಿನ ಬಸ್ಸು ಹತ್ತಿದರೆ ಸಂಜೆ ಬಸ್ಸಿಗೆ ವಾಪಸ್ಸು. ಎರಡು ವರ್ಷದ ಓದು ಅಂದಾಗ ನನಗೆ ಆಶ್ಚರ್ಯವಾಯಿತು. ಪಾಠ ಹೇಳುವುದನ್ನು ಎರಡು ವರ್ಷ ಕಲಿಯುವುದೇ? ನಾನು ಜಗಳೂರು ಸೀಮೆಯ ಹಳ್ಳಿಯಲ್ಲಿ ಹುಟ್ಟಿದವಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಅದರಲ್ಲಿ ಮೂರನೇ ಕ್ಲಾಸನ್ನು ಎರಡು ಸಲ ಓದಿದ್ದರಿಂದ ಅದು ಸ್ವಲ್ಪ ಚೆನ್ನಾಗಿ ಬರುತ್ತದೆ. ನಮ್ಮ ಮೇಷ್ಟ್ರು ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದರು, ನಾವು ಸರದಿಯ ಮೇಲೆ ಅವರಿಗೆ ನೊಣ ಹೊಡೆಯುತ್ತಿದ್ದೆವು. ಅವರು ಅದನ್ನು ಯಾವ ವಿಶ್ವವಿದ್ಯಾಲಯದಲ್ಲಿ ಕಲಿತಿದ್ದರೋ ತಿಳಿಯದು.

ನೇತ್ರಳ ಕಾಲೇಜಿನಲ್ಲಿ ಮಾತ್ರ ಎಲ್ಲವನ್ನೂ ಬಿಡಿಬಿಡಿಯಾಗಿ ಕಲಿಸುತ್ತಿದ್ದರು. ಆರು ನಿಮಿಷದ ಪಾಠ, ಒಂದು ಸಲಕ್ಕೆ ಒಂದೇ ಕೌಶಲ. ಒಂದು ವಾರ ಪ್ರಶ್ನೆ ಕೇಳುವ ಕೌಶಲ. ಆ ವಾರ ನಮ್ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ರುದ್ರೇಶನ ತಟ್ಟೆಗೆ ಬಡಿಸಿ ನೇತ್ರ ಕೇಳುವಳು:

"ಇದೇನು?"

"ಸಾರು."

"ಯಾವುದರ ಸಾರು?"

"ಹುಳ್ಳಿಕಾಳಿಂದು."

"ಹುಳ್ಳಿಕಾಳಿನಲ್ಲಿ ಯಾವ ಪೋಷಕಾಂಶವಿದೆ?"

ರುದ್ರೇಶ ತಟ್ಟೆ ಎತ್ತಿಕೊಂಡು ಜಗಲಿಗೆ ಹೋದ. ಮುಂದಿನ ವಾರ ಪ್ರೋತ್ಸಾಹ ಕೊಡುವ ಕೌಶಲ. ಯಾರು ಏನು ಹೇಳಿದರೂ ಭೇಷ್ ಅನ್ನಬೇಕು. ಅವನು, "ಉಪ್ಪು ಕಡಿಮೆ ಐತೆ," ಅಂದರೆ, "ಭೇಷ್, ಚೆನ್ನಾಗಿ ಗಮನಿಸಿದ್ದೀರಿ!" ಅನ್ನುವಳು. ಉಪ್ಪು ಮಾತ್ರ ಬರುತ್ತಿರಲಿಲ್ಲ. ಅದರ ಮುಂದಿನ ವಾರ, ನಿಂತಲ್ಲೇ ನಿಲ್ಲದೆ ಓಡಾಡುತ್ತಾ ಕೈಯಾಡಿಸುತ್ತಾ ಮಾತಾಡುವ ಕೌಶಲ. ಕೊಟ್ಟಿಗೆಯ ಮುಂದೆ ಓಡಾಡಿದಳು, ಕೈಯಾಡಿಸಿದಳು. ಎಮ್ಮೆ ಬೆದರಿ ಎರಡು ಹೊತ್ತು ಹಾಲು ಕೊಡಲಿಲ್ಲ.

ಇಷ್ಟೆಲ್ಲ ಕಲಿತ ಹುಡುಗಿಗೆ ಒಂದು ರೋಗವಿತ್ತು. ಹಿಂದಿನ ಬೆಂಚಿನಲ್ಲಿ ಯಾರಾದರೂ ದೊಡ್ಡವರು ಪೆನ್ನು ಹಿಡಿದು ಕೂತರೆ ಅವಳ ದನಿ ಮಾಯವಾಗುತ್ತಿತ್ತು. ಮೊದಲ ಸಲ ಪರೀಕ್ಷೆಯ ಪಾಠ ಕೊಡಲು ನಿಂತಾಗ ಪರೀಕ್ಷಕರು ಒಳಗೆ ಬಂದರಂತೆ, ಇವಳು ಬೋರ್ಡಿನ ಕಡೆ ತಿರುಗಿದಳಂತೆ. ತಾರೀಕು ಬರೆದಳು, ವಿಷಯ ಬರೆದಳು, ತರಗತಿ ಬರೆದಳು. ಆಮೇಲೆ ಈ ಕಡೆ ತಿರುಗಲೇ ಇಲ್ಲ. ಗಂಟೆ ಹೊಡೆಯುವವರೆಗೂ ತಾರೀಕಿನ ಕೆಳಗೆ ಗೆರೆ ಎಳೆಯುತ್ತಿದ್ದಳಂತೆ. ಪರೀಕ್ಷಕರು, "ಅಕ್ಷರ ಚೆನ್ನಾಗಿದೆ," ಎಂದು ಬರೆದು ಫೇಲು ಮಾಡಿ ಹೋದರು.

ಇನ್ನೊಂದು ಅವಕಾಶವಿತ್ತು. ಅದೂ ಹೋದರೆ ಮತ್ತೊಂದು ವರ್ಷ. ರುದ್ರೇಶ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ಬಂದವನು ಕೈಗೆ ಹತ್ತಿದ ಗ್ರೀಸು ಒರೆಸುತ್ತಾ ಹೇಳಿದ: "ಈ ಸಲ ಆದ್ರೆ ಆತು. ಇಲ್ಲಾಂದ್ರೆ ಬ್ಯಾಗು ಮೇಲಕ್ಕಿಡು. ಇನ್ನೊಂದು ವರ್ಷ ನಾನು ಕಳ್ಸಲ್ಲ." ನೇತ್ರ ಅವನಿಗೆ ಸೋಪು ತಂದುಕೊಟ್ಟು ಒಲೆಯ ಕಡೆ ಹೋದಳು. ಅವಳ ದನಿ ಮನೆಯಲ್ಲೂ ಅಷ್ಟೇ. ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ, ಒಲೆಯ ಮುಂದೆ ಕೂತು ಮಾತಾಡಿದರೆ ನಡುಮನೆಗೆ ಕೇಳುತ್ತಿರಲಿಲ್ಲ. ಆಗ ಅದನ್ನು ನಾನು ಒಳ್ಳೆಯ ಗುಣ ಎಂದುಕೊಂಡಿದ್ದೆ.

"ನನ್ನ ಮುಂದೆ ಪಾಠ ಮಾಡೇ," ಅಂದೆ. "ನನ್ನ ಮುಂದೆ ಬಾಯಿ ಬಿಟ್ಟೋಳು ಯಾರ ಮುಂದೆ ಬೇಕಾದ್ರೂ ಬಿಡ್ತಾಳೆ."

ಹೀಗೆ ನಾನು ವಿದ್ಯಾರ್ಥಿಯಾದೆ. ದಿನಾ ಸಂಜೆ ಬೆಳ್ಳುಳ್ಳಿ ಬಿಡಿಸುತ್ತಾ ಕೂರುವುದು, ಅವಳು ಬಾಗಿಲಿಗೆ ಹೃದಯ ನೇತುಹಾಕಿ ಪಾಠ ಹೇಳುವುದು. ಎರಡು ತಿಂಗಳಲ್ಲಿ ನನಗೆ ಹೃದಯ ಬಾಯಿಪಾಠವಾಯಿತು. ಮೇಲೆ ಎರಡು ಕೋಣೆ, ಹೃತ್ಕರ್ಣ. ಕೆಳಗೆ ಎರಡು, ಹೃತ್ಕುಕ್ಷಿ. ನಡುವೆ ಕವಾಟ. ಬಲಗಡೆ ತ್ರಿದಳ, ಎಡಗಡೆ ದ್ವಿದಳ. ಕವಾಟ ಎಂದರೇನು ಎಂದು ಅವಳು ಪುಸ್ತಕದ ಮಾತಿನಲ್ಲಿ ಹೇಳಿದ್ದು ತಲೆಗೆ ಹೋಗಲಿಲ್ಲ. ರುದ್ರೇಶ, "ಫುಟ್‌ವಾಲ್ವ್ ಇದ್ದಂಗೆ ಕಣಮ್ಮ, ಏರಿದ ನೀರು ವಾಪಸ್ ಇಳಿಯಬಾರದಲ್ಲ," ಅಂದ. ತಕ್ಷಣ ಹೋಯಿತು.

ಒಂದು ದಿನ ಅವಳ ಪಾಠದ ಯೋಜನೆಯ ಪುಸ್ತಕ ತೆಗೆದು ಕೂಡಿಸಿ ಕೂಡಿಸಿ ಓದಿದೆ. ಅವಳು ಕೇಳುವ ಪ್ರಶ್ನೆಗಳಿದ್ದವು. ಅಷ್ಟೇ ಅಲ್ಲ, ಪಕ್ಕದ ಸಾಲಿನಲ್ಲಿ ಮಕ್ಕಳು ಹೇಳುವ ಉತ್ತರವೂ ಇತ್ತು! ಇನ್ನೂ ಕ್ಲಾಸಿಗೇ ಬರದ ಮಕ್ಕಳು ಏನು ಹೇಳುತ್ತಾರೆ ಎಂದು ಮೊದಲೇ ಬರೆದಿಟ್ಟಿದ್ದಳು. ಓಡಿದಾಗ ಎದೆ ಏನಾಗುತ್ತದೆ? ಬಡಿದುಕೊಳ್ಳುತ್ತದೆ. ಬಡಿದುಕೊಳ್ಳುವ ಅಂಗ ಯಾವುದು? ಹೃದಯ. ಅದರ ಕೆಲಸವೇನು? ರಕ್ತವನ್ನು ಪಂಪ್ ಮಾಡುವುದು. ಹೃದಯದಲ್ಲಿ ಎಷ್ಟು ಕೋಣೆಗಳಿವೆ? ಅದರ ಮುಂದೆ, ಎರಡು ಕಂಸದ ನಡುವೆ: (ಮೌನ).

"ಇದೇನೇ ಇದು?"

"ಕೊನೆ ಪ್ರಶ್ನೆಗೆ ಮಕ್ಕಳಿಗೆ ಉತ್ತರ ಗೊತ್ತಿರಬಾರ್ದು ಅತ್ತೆ. ಅವರು ಸುಮ್ನಿದ್ರೆ, ಹಾಗಾದರೆ ಇಂದು ಕಲಿಯೋಣ ಅಂತ ಪಾಠ ಶುರು ಮಾಡ್ಬೇಕು. ಹೇಳಿಬಿಟ್ರೆ ಪಾಠ ಯಾಕೆ ಮಾಡ್ಬೇಕು?"

"ನನಗೆ ಗೊತ್ತೈತಲ್ಲ, ನಾಕು."

"ನೀವು ಹೇಳಾಂಗಿಲ್ಲ."

ದಿನಾ ಇದೇ ಜಗಳ. ಬಾಯಿ ತಡೆಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನೇ ಹೇಳಿ ಬದುಕಿದವಳು ನಾನು. ಗೊತ್ತಿದ್ದದ್ದನ್ನು ಇಟ್ಟುಕೊಂಡು ಕೂರು ಎಂದರೆ ಹೇಗೆ? ಬೆಳ್ಳುಳ್ಳಿ ಎಸಳನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಅಭ್ಯಾಸ ಮಾಡಿದೆ.

ಅಷ್ಟರಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತು. ಮತ್ತೊಂದು ಸಲ ಹೋಯಿತು. ಹೋಗಿ ಹೋಗಿ, ಅದು ಬರುವ ಹೊತ್ತಿಗೆ ಶಾಲೆಗಳಿಗೆ ಬೇಸಿಗೆ ರಜೆ. ಪಾಠ ಮಾಡುವವರು ಸಿದ್ಧ, ನೋಡುವವರು ಸಿದ್ಧ, ಕಲಿಯುವವರೇ ಇಲ್ಲ. ಕಾಲೇಜಿನ ಮೇಡಂ ಒಬ್ಬೊಬ್ಬರೂ ಐದೈದು ಜನ ವಿದ್ಯಾರ್ಥಿಗಳನ್ನು ಕರೆತರಬೇಕು ಎಂದರಂತೆ. ರಜೆಯಲ್ಲಿ ಮಕ್ಕಳನ್ನು ಶಾಲೆಗೆ ಕರೆದರೆ ಬರುತ್ತಾರೆಯೇ? ಬನ್ನು ಕೊಡುತ್ತೇವೆಂದು ಆಸೆ ತೋರಿಸಿದರೂ ಓಡಿಹೋದರು. ನೇತ್ರಳಿಗೆ ಸಿಕ್ಕ ವಿದ್ಯಾರ್ಥಿಗಳು: ಮಗಳು ಸಿರಿ, ಅವಳ ಮೂವರು ಗೆಳತಿಯರು, ಐದನೆಯವಳು ನಾನು.

ಪರೀಕ್ಷೆ ನಡೆದದ್ದು ನ್ಯಾಮತಿಯ ಒಂದು ಶಾಲೆಯಲ್ಲಿ. ಬಸ್ಸಿನಲ್ಲಿ ಇಡೀ ದಾರಿ ಹೃದಯವನ್ನು ಸುರುಳಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು, "ಏನಜ್ಜಿ ಅದು, ಕ್ಯಾಲೆಂಡ್ರಾ?" ಅಂದ. "ಎದೆ ಕಣಪ್ಪ," ಅಂದೆ. ಟಿಕೆಟ್ ಕೊಟ್ಟು ಮುಂದಕ್ಕೆ ಹೋದ.

ಆ ಕ್ಲಾಸನ್ನು ನೀವು ನೋಡಬೇಕಿತ್ತು. ಮುಂದಿನ ಬೆಂಚುಗಳಲ್ಲಿ ಕಾಲು ನೆಲಕ್ಕೆ ಎಟುಕದ ಚಿಕ್ಕವರು. ನಡುವೆ ಎರಡು ಜಡೆ ಹಾಕಿಕೊಂಡ ಬಿ.ಎಡ್. ಹುಡುಗಿಯರು. ಹಿಂದೆ ನಾವು, ದೊಡ್ಡ ಮಕ್ಕಳು. ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡ ಒಬ್ಬ ಬಾಣಂತಿ, ಯಾರದೋ ಸೋದರಮಾವನಾದ ಒಬ್ಬ ರಿಟೈರಾದ ಪೋಸ್ಟ್‌ಮ್ಯಾನ್, ಕೊನೆಯ ಬೆಂಚಿನಲ್ಲಿ ನಾನೊಬ್ಬಳೇ. ಮೇಡಂ ಬಂದು, "ಎಲ್ಲರೂ ಹತ್ತನೇ ಕ್ಲಾಸು ಅಂದ್ಕೊಂಡು ಕೂತ್ಕೊಳ್ಳಿ," ಎಂದರು.

ಪೋಸ್ಟ್‌ಮ್ಯಾನ್ ಎದ್ದು ನಿಂತು, "ನಾನು ಹತ್ತನೇ ಕ್ಲಾಸು ಫೇಲು ಮೇಡಂ. ಕೂರಬಹುದಾ?" ಎಂದು ಕೇಳಿದ.

"ಹಂಗಾದ್ರೆ ಸರಿಯಾದ ಜಾಗಕ್ಕೇ ಬಂದೀರಿ, ಕೂತ್ಕಳ್ರಿ," ಅಂದೆ ನಾನು.

ಮೇಡಂ ಇನ್ನೊಂದು ಮಾತು ಹೇಳಿದರು. "ಶಾಲೆ ಮಕ್ಕಳು ಬಂದಿಲ್ಲ ಅನ್ನೋದು ಪರೀಕ್ಷಕರಿಗೆ ಗೊತ್ತು, ಅದಕ್ಕೆ ತೊಂದರೆ ಇಲ್ಲ. ಆದರೆ ಪಾಠವನ್ನ ಮೊದಲೇ ಉರು ಹೊಡೆಸಿ ತಂದಿದ್ದಾರೆ ಅಂತ ಕಂಡುಬಂದ್ರೆ ಪಾಠ ರದ್ದು." ಇಷ್ಟು ಹೇಳಿ ನನ್ನನ್ನೇ ನೋಡಿದರು. ನಾನು ಬೆಳ್ಳುಳ್ಳಿ ತಂದಿರಲಿಲ್ಲ.

ಪರೀಕ್ಷಕರು ಬಂದರು. ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಚಹಾದ ಫ್ಲಾಸ್ಕು. ಪರೀಕ್ಷಕರು ಕೂರುವುದು ಕೊನೆಯ ಬೆಂಚಿನಲ್ಲಿ ಎಂಬುದು ನನ್ನನ್ನು ಅಲ್ಲಿ ಕೂರಿಸುವಾಗ ಯಾರಿಗೂ ನೆನಪಾಗಿರಲಿಲ್ಲ. ನೇರ ಬಂದು, "ಸ್ವಲ್ಪ ಸರೀರಿ ಅಜ್ಜಿ," ಎಂದು ನನ್ನ ಪಕ್ಕದಲ್ಲೇ ಕೂತರು. ಮಾತಿನ ಧಾಟಿ ಕೇಳಿ ಕಿವಿ ನಿಮಿರಿತು.

"ಯಾವ ಕಡೆಯೋರ್ರಿ ನೀವು?"

"ಜಗಳೂರು."

"ಅಯ್ಯೋ, ನನ್ನ ತೌರು ಅಲ್ಲೇ ಐತ್ರಿ!" ಅಂದೆ. ಇನ್ನು ಹೇಗೆ ಸುಮ್ಮನಿರುವುದು? ಬಸ್‌ಸ್ಟ್ಯಾಂಡ್ ಹತ್ತಿರ ಮೊದಲಿದ್ದ ಹುಣಸೇಮರದ ವಿಷಯ ತೆಗೆದೆ. ಅವರೂ ಪಾಪ, "ಅದು ಹೋತಲ್ರೀ," ಅಂದರು.

ಮುಂದೆ ಬೋರ್ಡಿನ ಹತ್ತಿರ ನಿಂತಿದ್ದ ನೇತ್ರ ಈ ಕಡೆ ನೋಡಿದಳು. ತನ್ನ ಅತ್ತೆ ಪರೀಕ್ಷಕರ ಭುಜಕ್ಕೆ ಭುಜ ತಾಗಿಸಿ ಹುಣಸೇಮರದ ಮಾತಾಡುವುದನ್ನು ಕಂಡಳು. ಅಷ್ಟೇ. ಬೋರ್ಡಿನ ಕಡೆ ತಿರುಗಿದಳು.

ತಾರೀಕು ಬರೆದಳು. ವಿಷಯ ಬರೆದಳು. ತರಗತಿ ಬರೆದಳು. ತಾರೀಕಿನ ಕೆಳಗೆ ಗೆರೆ ಎಳೆದಳು.

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಎರಡನೇ ಗೆರೆ ಎಳೆದಳು. ಬಾಣಂತಿಯ ಕೂಸು ಸೀನಿತು. ಸಿರಿ ತಿರುಗಿ ನನ್ನ ಮುಖ ನೋಡಿದಳು, ಪಾಪ, ಆ ಮಗುವಿಗೂ ಗೊತ್ತಾಗಿತ್ತು. ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಆ ಮೌನ ನನ್ನ ಪಾಲಿನದು. ಪುಸ್ತಕದಲ್ಲಿ ಹಾಗೇ ಬರೆದಿತ್ತು. ಎರಡು ತಿಂಗಳು ಬೆಳ್ಳುಳ್ಳಿ ಕಚ್ಚಿ ಅಭ್ಯಾಸ ಮಾಡಿದವಳು ನಾನು, ಅದನ್ನು ಇವಳು ತೆಗೆದುಕೊಂಡು ನಿಂತರೆ?

ಎದ್ದು ನಿಂತೆ. ಮಕ್ಕಳು ಕ್ಲಾಸಿನಲ್ಲಿ ಏನು ಕೇಳುತ್ತಾರೆ ಎಂದು ನೆನಪಿಸಿಕೊಂಡೆ. ನಾನು ಓದಿದ ಅಷ್ಟೂ ವರ್ಷ ಕೇಳಿದ್ದು ಒಂದೇ ಪ್ರಶ್ನೆ.

"ಮಿಸ್ಸೇ, ನೀರು ಕುಡ್ಯಾಕೆ ಹೋಗ್ಲಾ?"

ನೇತ್ರ ತಿರುಗಿದಳು. ಮುಖ ಕೆಂಪಾಗಿತ್ತು. ಚಾಕ್‌ಪೀಸನ್ನು ನನ್ನ ಕಡೆ ಚಾಚಿ, "ಅತ್ತೆ! ಈಗ ಬಸ್‌ಸ್ಟ್ಯಾಂಡಾಗೆ ಒಂದು ಬಾಟ್ಲಿ ಕುಡ್ದೀರಿ! ಸುಮ್ನೆ ಕೂತ್ಕಳ್ರಿ!" ಎಂದು ಕೂಗಿದಳು.

ಕಿಟಕಿಯಲ್ಲಿದ್ದ ಪಾರಿವಾಳ ಹಾರಿಹೋಯಿತು. ಇಷ್ಟು ದೊಡ್ಡ ದನಿಯನ್ನು ಈ ಹುಡುಗಿ ಇಷ್ಟು ವರ್ಷ ನಮ್ಮನೆಯಲ್ಲಿ ಎಲ್ಲಿ ಇಟ್ಟುಕೊಂಡಿದ್ದಳು? ನಾನು ಕೂತೆ. ನನ್ನ ಅತ್ತೆ ಹೇಳಿದಾಗಲೂ ಅಷ್ಟು ಬೇಗ ಕೂತವಳಲ್ಲ.

ಪರೀಕ್ಷಕರು ನನ್ನ ಕಡೆ ಬಾಗಿ, "ನಿಮ್ಮ ಸೊಸೇನಾ?" ಎಂದು ಪಿಸುಗುಟ್ಟಿದರು.

"ಇವತ್ತು ಅಲ್ರಿ. ಇವತ್ತು ಮಿಸ್ಸು."

ಮುಚ್ಚಳ ತೆಗೆದ ಪೆನ್ನಿನಲ್ಲಿ ಏನೋ ಬರೆದುಕೊಂಡರು. ಅಷ್ಟರಲ್ಲಿ ನೇತ್ರ, ಬಾಯಿ ತೆರೆದಿದ್ದೇ ತೆರೆದಿದ್ದು ಎನ್ನುವಂತೆ, ಅದೇ ದನಿಯಲ್ಲಿ ಪ್ರಶ್ನೆ ಶುರು ಮಾಡಿದ್ದಳು. ಓಡಿದಾಗ ಎದೆ ಏನಾಗುತ್ತದೆ? ಪೋಸ್ಟ್‌ಮ್ಯಾನ್ ಕೈಯೆತ್ತಿ, "ಈಗ ಓಡಾಕೇ ಆಗಲ್ಲ ಮಿಸ್," ಅಂದ. ಇದು ಪುಸ್ತಕದಲ್ಲಿರಲಿಲ್ಲ. "ಸೈಕಲ್ ತುಳೀತಿದ್ರಲ್ಲ, ಆಗ ಏನಾಗ್ತಿತ್ತು?" ಎಂದು ಅವಳು ತಡವರಿಸದೆ ಕೇಳಿದಳು. ಬಡಿದುಕೊಳ್ತಿತ್ತು ಎಂದ. ಹೃದಯ ಬಂತು, ಪಂಪು ಬಂತು. ನಾಲ್ಕನೆಯ ಪ್ರಶ್ನೆಯೂ ಬಂತು: "ಹೃದಯದಲ್ಲಿ ಎಷ್ಟು ಕೋಣೆಗಳಿವೆ?"

ಎಲ್ಲರೂ ಸುಮ್ಮನೆ ಕೂತರು. ನಾನೂ ಕೂತೆ.

ಪರೀಕ್ಷಕರು ಪೆನ್ನೆತ್ತಿದರು. "ಈ ಅಜ್ಜಿಗೆ ಕೇಳಮ್ಮ. ಮನೇಲೇ ಪಾಠ ಆಗಿರ್ಬೇಕಲ್ಲ? ಹೇಳ್ರಿ ಅಜ್ಜಿ, ಎಷ್ಟು ಕೋಣೆ?"

ನೇತ್ರಳ ಕೈಯಲ್ಲಿ ಚಾಕ್‌ಪೀಸು ಎರಡು ತುಂಡಾಯಿತು. ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು. ನೋಡಿ, ಜೀವನದಲ್ಲಿ ಓದಿದ ದೊಡ್ಡವರು ಯಾರೂ ನನ್ನನ್ನು ಪ್ರಶ್ನೆ ಕೇಳಿದವರಲ್ಲ. ಸಹಿ ಎಲ್ಲಿ ಹಾಕಬೇಕು ಎಂದು ತೋರಿಸಿದ್ದಾರೆ, ಅಷ್ಟೇ. ಇವತ್ತು ಒಬ್ಬರು, ಅದೂ ತೌರಿನ ಕಡೆಯವರು, ಕೇಳುತ್ತಿದ್ದಾರೆ. ನನಗೆ ಉತ್ತರ ಗೊತ್ತು. ನಾಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ಕಾಲು ಇಳಿಬಿಟ್ಟು ಕೂತಿದೆ.

"ಗೊತ್ತಿಲ್ರಿ," ಅಂದೆ.

ನನ್ನ ಆಯುಷ್ಯದಲ್ಲಿ ಮೊದಲ ಸಲ ಆ ಮಾತು ಹೇಳಿದೆ. ಅದೂ ಸುಳ್ಳು.

"ಹಾಗಾದರೆ ಇಂದು ನಾವು ಹೃದಯದ ರಚನೆಯನ್ನು ಕಲಿಯೋಣ," ಎಂದಳು ನೇತ್ರ. ಹೃದಯ ಬಿಚ್ಚಿಕೊಂಡಿತು. ಎಷ್ಟು ಚೆನ್ನಾಗಿ ಹೇಳಿದಳು ಎಂದರೆ, ನನಗೇ ಎಲ್ಲ ಹೊಸದಾಗಿ ಕೇಳಿದಂತಾಯಿತು. ಆದರೆ ಗಡಿಬಿಡಿಯಲ್ಲಿ ಒಂದು ಬಿಟ್ಟಳು. ಎಡಗಡೆ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ನೇರ ಇಳಿದುಬಿಟ್ಟಳು, ದ್ವಿದಳ ಕವಾಟವನ್ನು ಮುಟ್ಟಲೇ ಇಲ್ಲ. ಬಾಯಿಗೆ ಸೆರಗು ಒತ್ತಿ ತಡೆದುಕೊಂಡೆ.

ಪಾಠದ ಕೊನೆಗೆ ಕಲಿತದ್ದನ್ನು ಪರೀಕ್ಷೆ ಮಾಡಬೇಕು. ಅವಳಿಗೆ ಧೈರ್ಯ ಎಷ್ಟು ಬಂದಿತ್ತೆಂದರೆ, "ಕೊನೇ ಬೆಂಚಿನ ಅಜ್ಜಿ, ಬಂದು ರಕ್ತದ ದಾರಿ ತೋರಿಸ್ರಿ," ಅಂದಳು.

ಹೋದೆ. ಕೋಲು ಹಿಡಿದೆ. ಇನ್ನು ನನ್ನನ್ನು ಹಿಡಿಯುವವರು ಯಾರು? ಬಲದಿಂದ ಶುರು ಮಾಡಿ, ಶ್ವಾಸಕೋಶಕ್ಕೆ ಕಳಿಸಿ, ತೊಳೆಸಿ ವಾಪಸ್ಸು ತಂದೆ. "ಎಡಗಡೆ ಮ್ಯಾಲಿಂದ ಕೆಳಗೆ ಇಳೀತೈತ್ರಿ. ಇಳಿದಿದ್ದು ವಾಪಸ್ ಏರಬಾರ್ದು ಅಂತ ಇಲ್ಲೊಂದು ಎರಡು ದಳದ ಫುಟ್‌ವಾಲ್ವ್ ಐತೆ. ಮಿಸ್ಸು ಅದನ್ನ ಬಿಟ್ಟುಬಿಟ್ರು."

ಪೋಸ್ಟ್‌ಮ್ಯಾನ್ ಚಪ್ಪಾಳೆ ಹೊಡೆದ. ನೇತ್ರ ಕಣ್ಣು ಮುಚ್ಚಿಕೊಂಡಳು. ಆಗ ನನಗೆ ತಿಳಿಯಿತು, ನಾನೇನು ಮಾಡಿದೆ ಎಂದು.

ಪರೀಕ್ಷಕರು ನಿಧಾನವಾಗಿ ಎದ್ದು ಮುಂದೆ ಬಂದರು. "ಅದನ್ನ ಅವರು ಹೇಳೇ ಇಲ್ಲವಲ್ಲ ಅಜ್ಜಿ. ನಿಮಗೆ ಹೆಂಗೆ ಗೊತ್ತಾತು?"

"ನನ್ನ ಮಗ ಪಂಪ್‌ಸೆಟ್ ರಿಪೇರಿ ಮಾಡ್ತಾನ್ರಿ. ವಾಲ್ವ್ ಇಲ್ದೆ ಯಾವ ಪಂಪು ನಡೀತೈತೆ?"

"ಎರಡು ದಳ ಅಂತ?"

"ಚಿತ್ರದಾಗೆ ಎರಡೇ ಐದಾವಲ್ರಿ. ಎಣಿಸ್ದೆ."

ಅವರು ಹೃದಯವನ್ನು ನೋಡಿದರು, ನನ್ನನ್ನು ನೋಡಿದರು. ಮೀಸೆಯೊಳಗೆ ನಕ್ಕದ್ದು ನನಗೆ ಕಂಡಿತು. ನೇತ್ರಳ ಕಡೆ ತಿರುಗಿ ಹೇಳಿದರು: "ನೋಡಮ್ಮ, ಇಷ್ಟು ವರ್ಷದಿಂದ ಪಾಠ ನೋಡ್ತಾ ಇದೀನಿ. ಗಲಾಟೆ ಮಾಡೋ ಹುಡುಗರನ್ನ ಕೂರಿಸಿದೋರು ಬೇಕಾದಷ್ಟು ಜನ. ನಮ್ಮ ಜಗಳೂರು ಸೀಮೆ ಅತ್ತೇನ ಒಂದೇ ಮಾತಿಗೆ ಕೂರಿಸಿದೋರನ್ನ ನಾನು ನೋಡಿಲ್ಲ." ತರಗತಿ ನಿರ್ವಹಣೆ ಎಂಬ ಸಾಲಿನಲ್ಲಿ ಪೂರಾ ಅಂಕ ಹಾಕಿ, ಕವಾಟಕ್ಕೆ ಸ್ವಲ್ಪ ಕಳೆದು, ಪಾಸು ಮಾಡಿ, ಫ್ಲಾಸ್ಕು ಎತ್ತಿಕೊಂಡು ಮುಂದಿನ ಕ್ಲಾಸಿಗೆ ಹೋದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನೇತ್ರ ಹೃದಯವನ್ನು ತಾನೇ ತೊಡೆಯ ಮೇಲಿಟ್ಟುಕೊಂಡಳು. ಹೊನ್ನಾಳಿ ದಾಟಿದ ಮೇಲೆ, "ಅತ್ತೆ, ನಾಕು ಅಂತ ಯಾಕೆ ಹೇಳ್ಲಿಲ್ಲ?" ಅಂದಳು.

"ಸುಮ್ನಿರು ಅಂತ ನೀನೇ ಬರೆದಿದ್ಯಲ್ಲೇ."

"ನಾನು ಹೇಳಿದ್ದು ನೀವು ಯಾವತ್ತು ಕೇಳೀರಿ?" ಎಂದು ಅವಳು ನಕ್ಕಳು. ನಡುಸೀಟಿನವರೆಗೂ ಕೇಳಿಸಿತು.

ಅವತ್ತು ಬಂದ ದನಿ ಮತ್ತೆ ಹೋಗಲಿಲ್ಲ. ಈಗ ಅವಳು ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ಮಿಸ್ಸು. ಮನೆಯಲ್ಲಿಯೂ ಮಿಸ್ಸೇ. ಒಲೆಯ ಮುಂದೆ ಮಾತಾಡಿದರೆ ರಸ್ತೆಗೆ ಕೇಳುತ್ತದೆ. ರುದ್ರೇಶ ಗ್ರೀಸಿನ ಕೈಯಲ್ಲಿ ಬಾಗಿಲು ಮುಟ್ಟುವ ಮೊದಲು ಎರಡು ಸಲ ಯೋಚಿಸುತ್ತಾನೆ. ನಾನು ಒಂದು ಸಲ ಯೋಚಿಸುತ್ತೇನೆ. ಆ ದನಿ ಒಳ್ಳೆಯ ಗುಣವೋ ಕೆಟ್ಟದ್ದೋ ಎಂದು ನನ್ನನ್ನು ಕೇಳಬೇಡಿ. ಮನೆಯಲ್ಲಿ ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ ಎಂದು ಈಗ ಊಹಿಸುವ ಕೆಲಸವಿಲ್ಲ, ಅಷ್ಟು ಆರಾಮ.

ಇವತ್ತು ನಾನು ಬೇಳೆ ಡಬ್ಬಿ ಹಿಡಿದು ನಿಂತಿದ್ದಾಗ ಸಿರಿ ಬಂದು ಹಲಗೆಯತ್ತ ಕತ್ತು ಚಾಚಿದಳು. "ಅಜ್ಜಿ, ಇದ್ರೊಳಗೆ ರಕ್ತ ಹೆಂಗೆ ಓಡಾಡ್ತೈತೆ?"

ಬಾಯಿ ತೆರೆದೆ. ಒಲೆಯ ಹತ್ತಿರ ನೇತ್ರ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಸೌಟು ಹಿಡಿದು ನಿಂತಿದ್ದಳು.

"ಗೊತ್ತಿಲ್ಲ ಕಣೆ. ನಿಮ್ಮಮ್ಮನ್ನ ಕೇಳು."

ನೇತ್ರ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಉರಿ ಸಣ್ಣ ಮಾಡಿ, ಸೌಟಿನ ಹಿಡಿಯನ್ನು ಹೃದಯದ ಮೇಲೆ ಇಟ್ಟು, ಬಲಗಡೆಯಿಂದ ಶುರು ಮಾಡಿದಳು. ಇಲಿ ತಿಂದ ಕೋಣೆಯನ್ನು ಬೆರಳಿನಿಂದ ಬರೆದು ತೋರಿಸಿದಳು. ಚೆನ್ನಾಗಿಯೇ ಹೇಳಿದಳು. ಎಡಗಡೆ ಮೇಲಿನಿಂದ ಕೆಳಗಿನ ಕೋಣೆಗೆ ಇಳಿಯುವಾಗ ಮತ್ತೆ ಆ ದ್ವಿದಳ ಕವಾಟವನ್ನು ಬಿಟ್ಟಳು.

ನಾನು ಕೈಯಲ್ಲಿದ್ದ ಡಬ್ಬಿಯನ್ನು ಅದರ ಮೇಲಿಟ್ಟು, ಸುಮ್ಮನೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತೆ.